ಹಗುರಾದ ಹಿಡಿಕೆ

ನವೆಂಬರ್ 18, 2024, ಸೋಮವಾರ

ಕೇಳುವ ಕಿವಿಗಳಿಲ್ಲದ ಈ ಹಾಳೆಯ ಮೇಲೆ ಇಂದು ನನ್ನ ಪ್ರವೇಶ. ಏಳನೆಯ ವಯಸ್ಸಿಗೆ ಅಪ್ಪನ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದೆ. ಕಂಪನಿ ಮುಳುಗಿದ ಮೇಲೆ ಮೂವತ್ತೊಂದು ವರ್ಷ ಕಲಬುರಗಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಮೈಕು ಹಿಡಿದೆ. ಕರೆಂಟು ಹೋದ ದಿನ ಮೈಕಿಲ್ಲದೆ ನಾನು ಹುಮನಾಬಾದ ಬಸ್ಸು ಕೂಗಿದರೆ ಹೊರಗೆ ಚಹಾದ ಅಂಗಡಿಯಲ್ಲಿದ್ದವರು ಲೋಟ ಇಟ್ಟು ಓಡಿ ಬರುತ್ತಿದ್ದರು. ಅಂಥ ದೇವಾನಂದನ ಕಂಠ ಇಂದು ಬ್ರಹ್ಮಪುರದ ಈ ಎರಡು ಖೋಲಿಯ ಮನೆಗೆ ಮೀಸಲು.

ಮನೆಯಲ್ಲಿ ನನ್ನ ಮಗಳು ಗೌತಮಿ ಇದ್ದಾಳೆ. ತಾಯಿ ಸತ್ತಾಗ ಒಂಬತ್ತು ವರ್ಷದವಳು. ಈಗ ಹೆಲಿಕಾಪ್ಟರ್ ನಡೆಸುವವಳು. ಮುಂಬೈ ಕಡಲಿನಾಚೆಯ ಎಣ್ಣೆ ಬಾವಿಗಳಿಗೆ ಕೆಲಸಗಾರರನ್ನು ಒಯ್ದು ತರುವುದು ಅವಳ ಕೆಲಸ. ಜೂನ್‌ನಲ್ಲಿ ರಜೆಗೆ ಬಂದಿದ್ದಳು. ಕಮಲಾಪುರದ ಅಕ್ಕನ ಮನೆಯಿಂದ ನನ್ನ ಮೋಟಾರ್ ಸೈಕಲ್ ಮೇಲೆ ಇಬ್ಬರೂ ಹಿಂತಿರುಗುತ್ತಿದ್ದೆವು. ಎದುರಿಗೆ ಟ್ರ್ಯಾಕ್ಟರ್ ಬಂತು. ನನಗೆ ಭುಜ ತರಚಿತು. ಅವಳ ಬಲಗೈ ಮೊಣಕೈಯಲ್ಲಿ ಮುರಿಯಿತು, ಒಳಗಿನ ನರ ಜಜ್ಜಿತು. ಎಲುಬು ಕೂಡಿದೆ. ಆದರೆ ಉಂಗುರಬೆರಳಿಗೂ ಕಿರುಬೆರಳಿಗೂ ಇನ್ನೂ ಸ್ಪರ್ಶವಿಲ್ಲ, ಹಿಡಿತಕ್ಕೆ ಬಲವಿಲ್ಲ. ನರ ದಿನಕ್ಕೆ ಒಂದು ಕೂದಲೆಳೆಯಷ್ಟು ಬೆಳೆಯುತ್ತದಂತೆ, ಕಾಯಬೇಕಂತೆ.

ಇಂದು ಅವಳ ಕಂಪನಿಯಿಂದ ಪತ್ರ ಬಂತು. ಮಾರ್ಚ್ ಹದಿನೆಂಟಕ್ಕೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು.

"ಮಂಡಳಿ ಏನರ ಹೇಳ್ಲಿ, ಅಪ್ಪಾ. ಮೊದಲು ನನ್ನ ನಾನೇ ಪಾಸ್ ಮಾಡಬೇಕು," ಎಂದಳು. "ನನ್ನ ಹಿಂದ ಹನ್ನೊಂದು ಮಂದಿ ಕುಂತಿರ್ತಾರ."

"ಏನ್ ಬೇಕು ಹೇಳು ಮಗಳ. ಆಕಾಶ ಬೇಕಂದ್ರ ಆಕಾಶ ತಂದು ಅಂಗಳದಾಗ ಹಾಸ್ತೀನಿ."

"ಆಕಾಶ ಬ್ಯಾಡ್ರಿ. ಒಂದು ಜಾಯ್‌ಸ್ಟಿಕ್ ಬೇಕು."

ನವೆಂಬರ್ 24, ಭಾನುವಾರ

ಸೇಡಂ ರಸ್ತೆಯಲ್ಲಿ ಗೌತಮಿಯ ಶಾಲೆಯ ಗೆಳತಿ ಸನೋಬರ್ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಒಂದು ವಾರದಿಂದ ಎಲ್ಲೆಲ್ಲಿಂದಲೋ ಜಾಯ್‌ಸ್ಟಿಕ್‌ಗಳನ್ನು ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಳು. ಸ್ವಯಂವರದ ಸಭೆಯೇ ಸರಿ.

ನನ್ನ ಕಣ್ಣು ಮೊದಲಿಗೆ ಹೋದದ್ದು ಕೆಂಪು ದೀಪ ಹೊತ್ತಿಕೊಂಡು ಕಿರೀಟದಂತೆ ಹೊಳೆಯುತ್ತಿದ್ದ ಒಂದರ ಮೇಲೆ. "ಇದೇ ಇರ್ಲಿ," ಎಂದು ಘೋಷಿಸಿದೆ.

"ಅದು ಮದುವಿ ಮೆರವಣಿಗಿಗೆ ಛಲೋ, ಚಾಚಾ," ಎಂದಳು ಸನೋಬರ್. "ಜರಾ ಸುಮ್ನಿರ್ರಿ. ಹಾರಿಸಾಕಿ ಹಿಡಿದು ನೋಡ್ಲಿ."

ಗೌತಮಿ ಅದನ್ನು ಮುಂದಕ್ಕೆ ಒತ್ತಿ ಬಿಟ್ಟಳು. ಟಕ್ಕೆಂದು ನಡುವಿಗೆ ಬಂದು ನಿಂತಿತು. ಒಳಗೆ ಸ್ಪ್ರಿಂಗ್ ಇದೆಯಂತೆ, ಬಿಟ್ಟರೆ ನಡುವಿಗೇ ಎಳೆಯುತ್ತದಂತೆ. ಹೆಲಿಕಾಪ್ಟರ್‌ನ ಕಡ್ಡಿ ಹಾಗಲ್ಲ. ಅದು ಎರಡು ಮೊಣಕಾಲುಗಳ ನಡುವೆ ನೆಲದಿಂದ ಎದ್ದಿರುತ್ತದೆ, ಬಲಗೈಯಲ್ಲೇ ಹಿಡಿಯಬೇಕು. ಬೇಕಾದಲ್ಲಿಗೆ ಒಯ್ದು ಟ್ರಿಮ್ ಎಂಬ ಗುಂಡಿ ಒತ್ತಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಅಲ್ಲಿಂದ ಸರಿಸಹೋದರೆ ಕೈಗೆ ಎದುರಾಗಿ ತಳ್ಳುತ್ತದೆ.

ಎರಡನೆಯದರಲ್ಲಿ ಸ್ಪ್ರಿಂಗ್ ಕಿತ್ತು ಹಾಕಿದ್ದರು. ಇಟ್ಟಲ್ಲಿ ಬಿದ್ದಿತ್ತು. "ಇದಕ್ಕ ಜೀವನೇ ಇಲ್ಲ," ಎಂದು ಗೌತಮಿ ಬೇಗ ಕೈ ತೆಗೆದಳು. ಮೂರನೆಯದು ಇಪ್ಪತ್ತು ವರ್ಷದ ಹಿಂದಿನದು, ಈಗ ಯಾರೂ ತಯಾರಿಸುವುದಿಲ್ಲ, ಹೈದರಾಬಾದಿನ ಯಾರೋ ಮಾರಿದ್ದು. ಒಳಗೆ ಮೋಟಾರ್ ಇತ್ತು, ಎದುರು ತಳ್ಳುತ್ತಿತ್ತು, ನಾನು ಚಪ್ಪಾಳೆಗೆ ಕೈ ಎತ್ತಿದ್ದೆ. ಗೌತಮಿ ಕಣ್ಣು ಮುಚ್ಚಿ ಅದನ್ನು ನಡುವೆಯೇ ಎಳ್ಳಷ್ಟು ಆ ಕಡೆ, ಎಳ್ಳಷ್ಟು ಈ ಕಡೆ ಆಡಿಸಿದಳು.

"ಒಳಗಿನ ಗಾಲಿ ಹಲ್ಲು ಸವದಾವ. ನಡುವ ಸಡಿಲ ಅದ. ಗಾಳಿಯಾಗ ಒಂದೇ ಕಡಿ ನಿಲ್ಲಿಸೋದು ಅಂದ್ರ ಈ ನಡುವಿನ ಆಟನೇ."

ಉಳಿದದ್ದು ಸನೋಬರ್‌ಳ ಪರದೆಯ ಮೇಲಿನ ಚಿತ್ರ ಮಾತ್ರ. ಕಬ್ಬಿಣದ ತಳ, ಬೆಲ್ಟಿನ ಮೇಲೆ ಓಡುವ ಎರಡು ಮೋಟಾರ್, ಉದ್ದ ಸರಳು ಕೂಡಿಸಿ ನೆಲದ ಮಟ್ಟಕ್ಕೆ ಬಿಗಿಯಬಹುದು. ಎಷ್ಟು ಬಲದಿಂದ ಎದುರು ತಳ್ಳಬೇಕೆಂಬುದನ್ನು ಕಂಪ್ಯೂಟರಿನಲ್ಲೇ ಏರಿಸಿ ಇಳಿಸಬಹುದು. ದೀಪವಿಲ್ಲ, ಹೊಳಪಿಲ್ಲ. ರುಬ್ಬುವ ಕಲ್ಲಿನಂತಿದೆ. ಹೊರದೇಶದಿಂದ ಬರಬೇಕು.

"ಇದು ಕೈಗೆ ಹೊಗಳಿಕಿ ಹೇಳಂಗಿಲ್ಲ," ಎಂದಳು ಸನೋಬರ್.

"ಅದೇ ಬೇಕು," ಎಂದಳು ನನ್ನ ಮಗಳು.

ಜನವರಿ 7, 2025, ಮಂಗಳವಾರ

ಬಂತು, ಬಂತು, ಸುಂಕದ ಕಟ್ಟೆಗಳನ್ನೆಲ್ಲ ದಾಟಿ ಬಂತು.

ಕೂರಲು ಪೀಠ ಬೇಕು, ಅಲುಗದಂಥದ್ದು ಬೇಕು ಎಂದಳು ಗೌತಮಿ. ನನಗೆ ತಡವಾಗಲಿಲ್ಲ. ಅಪ್ಪನ ನಾಟಕ ಕಂಪನಿಯ ಸಾಗುವಾನಿ ಸಿಂಹಾಸನ ಕಮಲಾಪುರದಲ್ಲಿ ಅಂಬಮ್ಮಕ್ಕನ ಮನೆಯಲ್ಲಿದೆ. ಅದರ ಮೇಲೆ ಅವಳು ಜೋಳದ ಚೀಲ ಪೇರಿಸಿದ್ದಾಳೆ. ಟೆಂಪೋ ಮಾಡಿಕೊಂಡು ಹೋದೆ. ತೋಟದ ಬಾಳೆಗೊನೆ ತೂಗುವ ಕೊಕ್ಕೆಯ ತಕ್ಕಡಿಯನ್ನೂ ಕೇಳಿ ತಂದೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು, ಅಂಕಿ ತಾನೇ ತೋರಿಸುತ್ತದೆ.

"ಅಪ್ಪ ಕುಂತ, ನೀ ಕುಂತಿ, ಜ್ವಾಳ ಕುಂತ್ವು," ಎಂದಳು ಅಕ್ಕ. "ಈಗ ಕೆಲಸ ಮಾಡೋ ಮನಷ್ಯಾಳು ಕೂಡ್ತಾಳ. ಒಯ್ಯಿ."

ಸಿಂಹಾಸನದ ಎದುರಿನ ಹಲಗೆಗೆ ಮೋಟಾರಿನ ತಳವನ್ನು ನಾಲ್ಕು ಬೋಲ್ಟು ಹಾಕಿ ಬಿಗಿದಾಯಿತು. ಬಲವನ್ನು ಹೇಗೆ ಏರಿಸುವುದು, ಹೇಗೆ ಇಳಿಸುವುದು ಎಂದು ಸನೋಬರ್ ನನಗೆ ಕಲಿಸಿ ಹೋದಳು. ಕಂಪ್ಯೂಟರ್ ಸಿಂಹಾಸನದ ಹಿಂದೆ ಇದೆ. ಅದು ನನ್ನ ಸ್ಥಾನ.

ಜನವರಿ 12, ಭಾನುವಾರ

ಗೌತಮಿ ತನಗೆ ತಾನೇ ಇಟ್ಟುಕೊಂಡ ಪರೀಕ್ಷೆ ಇದು. ಕಡಲ ನಡುವೆ ಟ್ರಿಮ್ ಸಿಕ್ಕಿಬಿತ್ತು ಎಂದುಕೊಳ್ಳಬೇಕು. ಕಡ್ಡಿ ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಅದನ್ನು ಮುಂದಕ್ಕೆ ಹಿಡಿದುಕೊಂಡೇ ದಡ ಸೇರಬೇಕು. ಎಣ್ಣೆ ಬಾವಿಯಿಂದ ದಡಕ್ಕೆ ನಲವತ್ತು ನಿಮಿಷ. ಆ ಎಳೆತದ ತೂಕ ಒಂದೂವರೆ ಕಿಲೋ.

"ನಲವತ್ತು ನಿಮಿಷ ಹಿಡಿದ್ರ ಮಂಡಳಿಗೆ ಹೋಗ್ತೀನಿ. ಇಲ್ಲಂದ್ರ ನಾನೇ ಬರದು ತಿಳಿಸ್ತೀನಿ, ಆಗಂಗಿಲ್ಲ ಅಂತ."

ತಕ್ಕಡಿಯ ಕೊಕ್ಕೆಯನ್ನು ಹಿಡಿಕೆಗೆ ಸಿಕ್ಕಿಸಿ ಎಳೆದೆ. ಅಂಕಿ ಓದಿದೆ: ಒಂದು ಕಿಲೋ ಐನೂರು. ಅವಳು ಎಡಗೈಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡಳು. ಸಿಂಹಾಸನವೇರಿದಳು. ಪರದೆಯ ತುಂಬ ಕಡಲು.

ಹನ್ನೊಂದನೆಯ ನಿಮಿಷಕ್ಕೆ ಬೆರಳು ತಾವಾಗಿ ಬಿಚ್ಚಿಕೊಂಡವು. ಅವಳು ಬಿಟ್ಟದ್ದಲ್ಲ. ಅವಳಿಗೆ ಗೊತ್ತೂ ಆಗಲಿಲ್ಲ. ಪರದೆಯಲ್ಲಿ ಕಡಲು ಹೊರಳಿದ್ದು ನೋಡಿ ಕೈ ಕಡೆ ನೋಡಿದಳು.

ಜನವರಿ 15

ಹನ್ನೊಂದು. ಒಂಬತ್ತು. ಹತ್ತು. ಇಂದು ಅವಳು ಖೋಲಿಯಿಂದ ಹೊರಗೆ ಬರಲಿಲ್ಲ. ರೊಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೆ, ಹಾಗೇ ಇತ್ತು. ನಾನು ಬಾಗಿಲ ಹೊರಗೆ ನಿಂತು ಶೌರ್ಯದ ಮಾತುಗಳನ್ನೆಲ್ಲ ಆಡಿದೆ. ಪಕ್ಕದ ಮನೆಯವರು ಬಂದು ಏನಾಯ್ತು ಎಂದು ಕೇಳಿದರು.

ಜನವರಿ 17, ಶುಕ್ರವಾರ

ನಮ್ಮ ನಾಟಕ ಕಂಪನಿಯಲ್ಲಿ ಬಲಶಾಲಿಯ ಗದೆ ಎಂದರೆ ಬಿದಿರಿನ ಕಡ್ಡಿ, ಹಳೆಯ ಪತ್ರಿಕೆ, ಅಂಟು, ಮೇಲೆ ಬಂಗಾರದ ಬಣ್ಣ. ಮಗುವೂ ಎತ್ತಬಹುದಿತ್ತು. ಆದರೆ ಎತ್ತುವ ನಟನ ತೋಳಿನ ನರ ಉಬ್ಬಬೇಕು, ಉಸಿರು ಕಟ್ಟಬೇಕು. ತಿಂಗಳುಗಟ್ಟಲೆ ಹಾಗೆ ಎತ್ತಿದ ಮರೆಪ್ಪನೆಂಬ ನಟನಿಗೆ ನಿಜಕ್ಕೂ ಎದೆ ಅಗಲವಾಯಿತೆಂದು ಅಪ್ಪ ಹೇಳುತ್ತಿದ್ದ. ತಾನು ಬಲಶಾಲಿ ಎಂದು ನಂಬಿದವನ ಮೈ ಆ ನಂಬಿಕೆಯ ಹಿಂದೆ ಬರುತ್ತದೆ. ಇದು ನಾವು ರಂಗದ ಮೇಲೆ ಕಂಡ ಸತ್ಯ.

ಗೌತಮಿ ಬೆಳಿಗ್ಗೆ ಆರಕ್ಕೆ ಎದ್ದು ಬಂದು ಕೂತಳು. ಮುಖ ಬಾಡಿತ್ತು. "ಮೊದಲು ತೂಕ," ಎಂದಳು.

ಅವಳು ಬರುವ ಮೊದಲೇ ನಾನು ಕಂಪ್ಯೂಟರಿನಲ್ಲಿ ಬಲವನ್ನು ಒಂದಿಷ್ಟು ಇಳಿಸಿದ್ದೆ. ತಕ್ಕಡಿ ಒಂದು ಕಿಲೋ ನಾನೂರು ತೋರಿಸಿತು.

"ಒಂದು ಕಿಲೋ ಐನೂರು," ಎಂದು ತುಂಬು ಕಂಠದಲ್ಲಿ ಓದಿದೆ.

ಹದಿಮೂರು ನಿಮಿಷ. ಒಂದು ರೊಟ್ಟಿ ತಿಂದಳು.

ಜನವರಿ 20

ತಕ್ಕಡಿಯಲ್ಲಿ 1,300 ಗ್ರಾಂ. ಹದಿನಾರು ನಿಮಿಷ. ಪಲ್ಯ ಬಡಿಸಿಕೊಂಡಳು, ಉಪ್ಪು ಕಡಿಮೆ ಎಂದು ಬೈದಳು. ಆ ಬೈಗುಳ ಕಿವಿಗೆ ಎಷ್ಟು ಇಂಪು.

ಜನವರಿ 26

1,050. ಇಪ್ಪತ್ತೆರಡು.

"ಇವತ್ತ್ಯಾಕೋ ಹಗುರ ಅನಸ್ಲಾಕತ್ತದ, ಅಪ್ಪಾ."

"ಕಡ್ಡಿ ಹಗುರ ಆಗಿಲ್ಲ. ನಿನ್ನ ಕೈ ಗಟ್ಟಿ ಆಗ್ಯಾದ."

ಅವಳು ತನ್ನ ಕೈಯನ್ನು ಹೊರಳಿಸಿ ಹೊರಳಿಸಿ ನೋಡಿಕೊಂಡಳು. ಸ್ಪರ್ಶವಿರುವ ಕೈಯಾಗಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು.

ಫೆಬ್ರವರಿ 9, ಭಾನುವಾರ

580.

ನಲವತ್ತು ನಿಮಿಷ. ದಡ ಸೇರಿದಳು. ಪರದೆಯಲ್ಲಿ ಇಳಿದಾಣದ ಬಿಳಿ ಗುರುತು ಬಂತು, ಅದರ ಮೇಲೆ ಹೂವಿನಂತೆ ಇಳಿಸಿದಳು. ಸನೋಬರ್‌ಗೆ ಫೋನು ಮಾಡಿ ಅತ್ತಳು. ನಾನು ಇಡೀ ಓಣಿಗೆ ಪೇಢೆ ಹಂಚಿದೆ. ಮಾತಾಡಲು ಎಷ್ಟೋ ಇತ್ತು, ಎಲ್ಲರೂ "ಏನ್ ಸಮಾಚಾರ ದೇವಾನಂದಣ್ಣ" ಎಂದು ಕೇಳಿದರು, ನಾನು ಪೇಢೆ ಕೊಟ್ಟು ಮುಂದೆ ಹೋದೆ.

ಫೆಬ್ರವರಿ 23, ಭಾನುವಾರ

ಮಾರ್ಚ್ ಹದಿನಾರಕ್ಕೆ ಅವಳ ರೈಲಿನ ಟಿಕೆಟ್ ಆಗಿದೆ. ಎರಡು ವಾರದಿಂದ ದಿನವೂ ನಲವತ್ತು ನಿಮಿಷ, ಒಮ್ಮೊಮ್ಮೆ ಐವತ್ತು. ಸಂಜೆ ಕೋಟೆಯ ಕಡೆ ನಡೆದು ಹೋಗಿದ್ದೆವು. ಕಂದಕದ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತ ಅವಳು ತನ್ನ ಕೆಲಸದ ಕ್ರಮ ಹೇಳಿದಳು. ಮುಂದೆ ಇಬ್ಬರು ಪೈಲಟ್‌ಗಳು. ಒಬ್ಬರು ಮೀಟರಿನ ಮುಳ್ಳು ನೋಡಿ ಅಂಕಿ ಓದುತ್ತಾರೆ. ಹಾರಿಸುವವರು ಆ ಅಂಕಿಯನ್ನು ತಿರುಗಿ ಹೇಳುತ್ತಾರೆ.

"ಮಂಜು ಕವದಾಗ ನಾ ಹೊರಗ ನೋಡ್ತಿರ್ತೀನಿ. ಬಾಜೂಕಿನವರು ಎತ್ತರ ನೂರು ಅಂದ್ರ ನೂರು. ನಾ ಮುಳ್ಳು ನೋಡಂಗಿಲ್ಲ, ಅವರ ದನಿ ನಂಬ್ತೀನಿ." ಒಂದು ಶೇಂಗಾ ಸುಲಿದು ನನ್ನ ಕೈಗೆ ಹಾಕಿದಳು. ಎರಡು ಬೆರಳು ಇನ್ನೂ ನೆಟ್ಟಗೆ ಚಾಚಿಯೇ ಇದ್ದವು. "ನೀವು ಛಲೋ ಜೋಡಿ ಪೈಲಟ್ ಆಗ್ತಿದ್ರಿ. ದಿನಾ ತೂಕ ಓದಿದ್ರಿ, ನಾ ಬರಕೊಂಡೆ. ಒಂದು ದಿನಾನೂ ತಿರುಗಿ ನೋಡಲಿಲ್ಲ."

ನಾನು ಶೇಂಗಾ ಬಾಯಿಗೆ ಹಾಕಿಕೊಂಡೆ. ಇನ್ನೊಂದನ್ನು ಸುಲಿಯತೊಡಗಿದೆ.

ಫೆಬ್ರವರಿ 24

580. ಐವತ್ತೊಂದು ನಿಮಿಷ.

ಫೆಬ್ರವರಿ 25

ಬರೆಯುವುದೇನಿಲ್ಲ.

ಫೆಬ್ರವರಿ 27, ಗುರುವಾರ

ಜೂನ್‌ನ ಆ ದಿನ ಟ್ರ್ಯಾಕ್ಟರ್ ಬಂದದ್ದು ನಿಜ. ಅದು ತನ್ನ ದಾರಿಯಲ್ಲೇ ಬರುತ್ತಿತ್ತು. ಹಿಂದೆ ಕೂತ ಮಗಳಿಗೆ ನಾನು ರಾಜನ ಪಾತ್ರದ ಮಾತು ಹೇಳುತ್ತಿದ್ದೆ. "ಈ ಸಿಂಹಾಸನ ನಿನ್ನದು" ಎನ್ನುವಲ್ಲಿ ಎರಡೂ ಕೈ ಎತ್ತಬೇಕು, ಅದು ಅಪ್ಪ ಕಲಿಸಿದ ಭಂಗಿ. ಎತ್ತಿದೆ. ಹ್ಯಾಂಡಲ್ ಬಿಟ್ಟಿದ್ದೆ.

ಅವಳು ಪೊಲೀಸರಿಗೆ ಟ್ರ್ಯಾಕ್ಟರ್ ಎಂದೇ ಹೇಳಿದಳು. ನನಗೆ ಒಮ್ಮೆಯೂ ಏನೂ ಹೇಳಲಿಲ್ಲ.

ಮಾರ್ಚ್ 2, ಭಾನುವಾರ, ಕಮಲಾಪುರ

ಬಸ್ಸಿನಲ್ಲಿ ಬಂದೆ. ಅಕ್ಕ ತೋಟದಲ್ಲಿ ಬಾಳೆಯ ಒಣ ಎಲೆ ಕೊಯ್ಯುತ್ತಿದ್ದಳು. ಎಲ್ಲವನ್ನೂ ಹೇಳಿದೆ. ಅವಳು ಕುಡುಗೋಲು ನಿಲ್ಲಿಸಲಿಲ್ಲ.

"ಹನ್ನೊಂದು ಮಂದಿ ಅಂದ್ಯಲ್ಲ. ಅವರ ಮನ್ಯಾಗೂ ಅಕ್ಕ ತಂಗೇರು ಇರ್ತಾರ."

"ನಂಗ ಗೊತ್ತದ, ಅಕ್ಕಾ."

"ಗೊತ್ತಿದ್ರ ಇಲ್ಲಿಗ್ಯಾಕ ಬಂದಿ? ಬಸ್ ಎದುರು ದಿಕ್ಕಿಗಿ ಹತ್ತಿದಿ."

ಹೇಗೆ ಹೇಳಬೇಕೆಂದು ಬರೆದು ತಂದಿದ್ದೇನೆ ಎಂದೆ. ಮೂರು ಹಾಳೆ. ಮೊದಲಿಗೆ ತಂದೆಯ ಹೃದಯ, ನಡುವೆ ಪಶ್ಚಾತ್ತಾಪ, ಕೊನೆಗೆ ಕಾಲಿಗೆ ಬೀಳುವುದು. ಬದುವಿನ ಮೇಲೆ ನಿಂತು ಓದತೊಡಗಿದೆ. ಅರ್ಧ ಹಾಳೆಗೆ ಅವಳು ಕೈ ಅಡ್ಡ ಹಿಡಿದಳು.

"ಇದನ್ನ ಕೇಳಿದ್ರ ಆಕಿ ನಿನ್ನ ಕಣ್ಣೀರು ಒರಸ್ಕೋತ ಕೂಡಬೇಕಾಗ್ತದ, ದೇವಾ. ಆಕಿದು ಆಕಿಗಿ ಸಾಕಷ್ಟದ. ಡೈಲಾಗ್ ಬ್ಯಾಡ. ಅಂಕಿ ಹೇಳು."

"ಬರೇ ಅಂಕಿ?"

"ಬರೇ ಅಂಕಿ. ಆಮ್ಯಾಲ ಬಾಯಿ ಮುಚ್ಚು."

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಆರು. ಗೌತಮಿ ಸಿಂಹಾಸನದಲ್ಲಿ ಕೂತು ನೋಟ್‌ಬುಕ್ ತೆರೆದಳು. "ಮೊದಲು ತೂಕ."

ಎಳೆದೆ. ಓದಿದೆ.

"ಐನೂರಾ ಎಂಬತ್ತು."

"ಏನ್ರಿ?"

"ಐನೂರಾ ಎಂಬತ್ತು ಗ್ರಾಂ. ಒಂದೂವರೆ ಕಿಲೋ ಅಲ್ಲ."

ಅವಳು ಹೊರಳಿ ನೋಡಿದಳು. ಇಳಿದು ಬಂದು ನನ್ನ ಕೈಯಿಂದ ತಕ್ಕಡಿ ತೆಗೆದುಕೊಂಡು ತಾನೇ ಎಳೆದಳು. ಮತ್ತೊಮ್ಮೆ ಎಳೆದಳು. ಆಮೇಲೆ ಎಡಗೈಯಿಂದ ಹಿಡಿಕೆ ಹಿಡಿದು ಮುಂದೆ ಒತ್ತಿದಳು. ಆ ಕೈಗೆ ಎಲ್ಲ ಗೊತ್ತಾಗುತ್ತದೆ.

"ಎಂದಿನಿಂದ?"

"ಜನವರಿ ಹದಿನೇಳರಿಂದ."

"ದಿನಾನೂ?"

"ದಿನಾನೂ."

ಯಾಕೆಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಜನವರಿ ಹದಿನೇಳರಿಂದ ಕೆಳಗೆ ಒಂದೊಂದೇ ಸಾಲಿಗೆ ಗೀಟು ಹೊಡೆದಳು. ಎಡಗೈ ಅಲ್ಲವೇ, ನಿಧಾನವಾಗಿ. ನಾನು ನಿಂತೇ ಇದ್ದೆ. ಪುಟ ತಿರುಗಿಸಿ ಅಲ್ಲಿಯೂ ಹೊಡೆದಳು. ಆಮೇಲೆ ತನ್ನ ಖೋಲಿಗೆ ಹೋದಳು.

ಮಧ್ಯಾಹ್ನ ಬಾಗಿಲ ಮುಂದೆ ರೊಟ್ಟಿ ಇಟ್ಟೆ. ಹೊರಗೆ ನಿಲ್ಲದೆ ಹಿಂತಿರುಗಿ ಬಂದೆ.

ಮಾರ್ಚ್ 4, ಮಂಗಳವಾರ

ಆರಕ್ಕೆ ಅವಳು ಎದ್ದು ಬಂದಳು. ಕಂಪ್ಯೂಟರಿನಲ್ಲಿ ಬಲವನ್ನು ತಾನೇ ಏರಿಸಿದಳು, ತೂಕವನ್ನು ತಾನೇ ಓದಿದಳು: ಒಂದು ಕಿಲೋ ಐನೂರು. ನನಗೆ ಗಡಿಯಾರ ಕೊಟ್ಟಳು.

ಹತ್ತು ದಾಟಿತು. ಹನ್ನೆರಡು ದಾಟಿತು. ಅವಳ ಹಣೆಯಿಂದ ಬೆವರು ಇಳಿದು ಕುತ್ತಿಗೆಗೆ ಬಂದದ್ದು ಕಾಣುತ್ತಿತ್ತು. ಹದಿನೇಳಕ್ಕೆ ಬೆರಳು ಬಿಚ್ಚಿದವು.

ಅವಳು ಪರದೆ ನೋಡಿದಳು. ಅಲ್ಲಿ ಕಡಲಿತ್ತು, ಹೆಲಿಕಾಪ್ಟರ್ ಇರಲಿಲ್ಲ.

"ಜನವರಿಯಾಗ ಹನ್ನೊಂದು ಇತ್ತು," ಎಂದಳು. ನನಗೆ ಹೇಳಿದ್ದೋ ತನಗೆ ತಾನೇ ಹೇಳಿಕೊಂಡದ್ದೋ. "ನಡುವ ಒಂದೂವರೆ ತಿಂಗಳು ಖರೇ ತೂಕ ಹಿಡಿದಿದ್ರ ಎಷ್ಟು ಇರ್ತಿತ್ತೋ."

ಅದರ ಉತ್ತರ ನನಗೂ ಬೇಕಿತ್ತು.

ಬಲಗೈ ಸೋತಿದ್ದರಿಂದ ಕಂಪನಿಗೆ ಮೇಲ್ ಬರೆಯಲು ನನ್ನನ್ನು ಕೂರಿಸಿದಳು. ಅವಳು ಇಂಗ್ಲಿಷಿನಲ್ಲಿ ಒಂದೊಂದೇ ಪದ ಹೇಳಿದಳು, ನಾನು ಒಂದು ಬೆರಳಿನಲ್ಲಿ ಒತ್ತಿದೆ. ಮಾರ್ಚ್ ಹದಿನೆಂಟಕ್ಕೆ ನಾನು ಸಿದ್ಧಳಿಲ್ಲ. ಮೂರು ತಿಂಗಳು ಸಮಯ ಬೇಕು. ಅದು ಸಾಧ್ಯವಿಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಿ. ಅಭ್ಯಾಸದಲ್ಲಿ ತೂಕದ ಅಂಕಿ ತಪ್ಪಾಗಿ ದಾಖಲಾಗಿತ್ತು.

ನಾನು ನಿಲ್ಲಿಸಿದೆ. "ಓದಿದವ್ರು ಯಾರು ಅಂತ ಬರೀಲೇನು?"

"ಬ್ಯಾಡ್ರಿ."

"ನನ್ನ ಹೆಸರು ಹಾಕ್ತೀನಿ, ಮಗಳ. ತಪ್ಪು ನಂದು."

"ನಿಮ್ಮದೂ ಹೌದು. ಆದ್ರ ಹಾರಿಸಾಕಿ ನಾ. ಹಗುರ ಅನಿಸಿದ ದಿನಾ ನಾ ಇಳಿದು ಬಂದು ನೋಡಬೇಕಿತ್ತು. ನಂಗ ನೋಡೋ ಮನಸಿರಲಿಲ್ಲ." ಪರದೆಯ ಕಡೆ ಕೈ ತೋರಿಸಿದಳು. "ಬರೀರಿ. ಪರೀಕ್ಷಿಸುವುದು ನನ್ನ ಹೊಣೆಯಾಗಿತ್ತು, ನಾನು ಪರೀಕ್ಷಿಸಲಿಲ್ಲ."

ಅದನ್ನೂ ಟೈಪ್ ಮಾಡಿದೆ. ಒಂದು ಅಕ್ಷರ ತಪ್ಪಿತು, ಅಳಿಸಿ ಸರಿ ಮಾಡಿದೆ.

ಮಾರ್ಚ್ 12

ಉತ್ತರ ಬಂದಿಲ್ಲ. ರೈಲಿನ ಟಿಕೆಟ್ ರದ್ದು ಮಾಡಿದಳು. ಅಕ್ಕ ಫೋನು ಮಾಡಿದ್ದಳು. "ಏನೋ, ಮಾತೇ ಕೇಳಿಸ್ಲಾಕತ್ತಿಲ್ಲ, ಫೋನ್ ಬಾಯಿ ಹತ್ರ ಹಿಡಿ," ಎಂದಳು. ಬಾಯಿ ಹತ್ತಿರವೇ ಹಿಡಿದಿದ್ದೆ. ಹೊಸ ಫೋನು ಕೊಳ್ಳಬೇಕು.

ಮಾರ್ಚ್ 18, ಮಂಗಳವಾರ

ಇಂದು ಮಂಡಳಿ ಕೂಡುವ ದಿನ. ಗೌತಮಿ ಬೆಳಿಗ್ಗೆ ಆರಕ್ಕೆ ಎಂದಿನಂತೆ ಕೂತಳು. ಹದಿನೆಂಟೂವರೆ. ಆಮೇಲೆ ಇಬ್ಬರೂ ಚಹಾ ಕುಡಿದೆವು. ಕಂಪನಿಯ ಉತ್ತರ ಮಧ್ಯಾಹ್ನ ಬಂತು. ಜೂನ್‌ವರೆಗೆ ಕಾಯುತ್ತಾರಂತೆ. ಅದರಾಚೆ ಇಲ್ಲ.

ಮಾರ್ಚ್ 23, ಭಾನುವಾರ

ಆರು ಗಂಟೆ. ಒಂದು ಕಿಲೋ ಐನೂರು. ಓದಿದ್ದು ಅವಳು. ಗಡಿಯಾರ ನನ್ನದು.

ಹದಿನೆಂಟು ದಾಟಿತು. ಹತ್ತೊಂಬತ್ತು ದಾಟಿತು. ತುಟಿ ಕಚ್ಚಿ ಹಿಡಿದಳು. ಬೆರಳು ಒಂದೊಂದಾಗಿ ಜಾರಿ ಹಿಡಿಕೆ ಬಿಟ್ಟವು. ಉಸಿರು ಸಿಕ್ಕಿದ ಮೇಲೆ, ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಇಪ್ಪತ್ತು ಆಯ್ತೇನ್ರಿ, ಅಪ್ಪಾ?"

ಹತ್ತು ಸೆಕೆಂಡು ಕಡಿಮೆ ಇತ್ತು. ಹತ್ತೇ ಸೆಕೆಂಡು. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಹತ್ತೊಂಬತ್ತು ಐವತ್ತು," ಎಂದೆ.

ಬರೆದುಕೊಂಡಳು.